ವೆಂಗ್ ಮೇಸ್ತ್ರಿಯ ಮರದ ಮಗ

ವೆಂಗ್ ಷೌಫು ಮೇಸ್ತ್ರಿಯ ಬಗ್ಗೆ ಬರೆಯುವುದಕ್ಕೆ ನನಗಿಂತ ಯೋಗ್ಯರು ನಮ್ಮ ಹಡಗುಕಟ್ಟೆಯಲ್ಲಿ ಏನಿಲ್ಲವೆಂದರೂ ಮುನ್ನೂರು ಮಂದಿ ಇದ್ದಾರೆ. ಅವರಿಗೆಲ್ಲ ಉಳಿ ಹಿಡಿಯಲು ಬರುತ್ತದೆ, ಕುಂಚ ಹಿಡಿಯಲು ಬರುವುದಿಲ್ಲ. ನನಗೆ ಕುಂಚ ಹಿಡಿಯಲು ಬರುತ್ತದೆ, ಬೇರೆ ಏನೂ ಬರುವುದಿಲ್ಲ. ಯಾರೋ ಲೆಕ್ಕ ಹಾಕಿದ ಹಡಗನ್ನು ಇನ್ಯಾರೋ ಕಟ್ಟಲಿ ಎಂದು ನಕ್ಷೆ ಕೋಣೆಯಲ್ಲಿ ಕೂತು ಗೆರೆ ಎಳೆಯುವುದು ನನ್ನ ಉದ್ಯೋಗ. ಮೇಸ್ತ್ರಿ ನನಗಿಟ್ಟ ಹೆಸರು ಗೆರೆಯಪ್ಪ.

"ಏನಪ್ಪಾ ಗೆರೆಯಪ್ಪ, ಇವತ್ತು ಎಷ್ಟು ಹಡಗು ತೇಲಿಸ್ದೆ? ನಿನ್ನ ಹಡಗೇ ವಾಸಿ ಬಿಡು. ನೆನೆದ್ರೆ ಒಲೆ ಪಕ್ಕ ಇಟ್ಟು ಒಣಗಿಸ್ಕೋಬಹುದು."

ನಾನೂ ಸಮುದ್ರಕ್ಕೆ ಹೋಗಬೇಕಾದವನೇ. ಹಡಗುಶಾಲೆಯಲ್ಲಿ ನಾಲ್ಕು ವರ್ಷ ಓದಿದೆ. ಕೊನೆಗೆ ತರಬೇತಿ ಹಡಗು ಹತ್ತಿಸಿದರು. ಹಡಗು ಇನ್ನೂ ಪಗೋಡದ ಗುಡ್ಡದ ಕೆಳಗೆ ಲಂಗರು ಹಾಕಿಕೊಂಡು ನಿಂತಿತ್ತು, ನದಿಯಲ್ಲಿ ಅಲೆಯೂ ಇರಲಿಲ್ಲ. ಅಷ್ಟಕ್ಕೇ ನಾನು ಮೇಷ್ಟ್ರ ಬೂಟಿನ ಮೇಲೆ ಬೆಳಗಿನ ಗಂಜಿಯನ್ನೆಲ್ಲ ಕಕ್ಕಿದೆ. ಅಲ್ಲಿಂದ ನಕ್ಷೆ ಕೋಣೆ. ನನ್ನ ಪಕ್ಕ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕವನು ಮೇಸ್ತ್ರಿಯ ಒಬ್ಬನೇ ಮಗ, ತಿಂಗ್‌ಯುನ್. ಕೆಟ್ಟ ಕಣ್ಣು ಬೀಳದಿರಲಿ ಎಂದು ಮನೆಯಲ್ಲಿ ಅವನಿಗೆ ಇಟ್ಟ ಹೆಸರು ನಾಯಿಮರಿ. ಕರೆಯುವಾಗ ಬರೀ ಮರಿ. ನನಗಿಂತ ಎರಡು ವರ್ಷ ಚಿಕ್ಕವನು. ಅವನು ಎಂಜಿನ್ ಕೋಣೆಗೆ ಸೇರಿ ಹಡಗಿನ ಮೇಲೆ ಹೋದ.

ಮೇಸ್ತ್ರಿ ಹುಟ್ಟಾ ದೇವರು ಕೆತ್ತುವವರು. ಫುಝೌ ಪೇಟೆಯ ತೆಂಕಣ ಬಾಗಿಲಿನ ಹೊರಗೆ ಅವರ ಅಪ್ಪ, ಅಜ್ಜ ಎಲ್ಲ ಕರ್ಪೂರದ ಮರದಲ್ಲಿ ದೇವರು ಮಾಡುತ್ತಿದ್ದರು. ಕಡಲ ತಾಯಿ, ಒಲೆ ದೇವರು, ಸಾವಿರ ಕೈಯ ಕರುಣಾದೇವಿ. ದೇವರ ಬೆನ್ನಿನಲ್ಲಿ ಒಂದು ಸಣ್ಣ ಗೂಡು ಕೊರೆದು, ಅದರೊಳಗೆ ಐದು ಬಗೆಯ ಕಾಳು, ಮಂತ್ರದ ಚೀಟಿ ಇಟ್ಟು ಮುಚ್ಚಳ ಹಾಕಿದರೇ ಮರಕ್ಕೆ ಜೀವ. ಪರಂಗಿಯವರ ಹೊಗೆಹಡಗುಗಳು ಎರಡೆರಡು ಸಲ ಬಂದು ನಮ್ಮನ್ನು ಬಡಿದು ಹೋದ ಮೇಲೆ ಬೀಜಿಂಗಿನ ದೊಡ್ಡವರಿಗೆ ಒಂದು ಉಪಾಯ ಹೊಳೆಯಿತು: ಹಡಗು ಅವರ ಥರದ್ದಿರಲಿ, ಒಳಗಿನ ಜೀವ ನಮ್ಮದಿರಲಿ. ಹಾಗೆಂದು ಭತ್ತದ ಗದ್ದೆ ಮುಚ್ಚಿ ಹಡಗುಕಟ್ಟೆ ಎಬ್ಬಿಸಿದರು, ಫ್ರಾನ್ಸಿನಿಂದ ಮೇಷ್ಟ್ರುಗಳನ್ನು ಕರೆಸಿದರು. ಎಂಜಿನ್ನಿನ ಭಾಗ ಎರಕ ಹೊಯ್ಯಬೇಕಾದರೆ ಮೊದಲು ಅದರ ಪಡಿಯಚ್ಚನ್ನು ಮರದಲ್ಲಿ ಮಾಡಬೇಕು. ಆ ಅಚ್ಚನ್ನು ಮರಳಲ್ಲಿ ಒತ್ತಿ, ತೆಗೆದು, ಉಳಿದ ಗುಳಿಗೆ ಕರಗಿದ ಕಬ್ಬಿಣ ಸುರಿಯಬೇಕು. ಮರವನ್ನು ಕೂದಲೆಳೆಯಷ್ಟು ನಿಖರವಾಗಿ ಕಡೆಯುವವರು ಯಾರಿದ್ದಾರೆ ಎಂದು ಹುಡುಕಿದಾಗ ಸಿಕ್ಕವರು ದೇವರು ಮಾಡುವವರೇ. ವೆಂಗ್ ಷೌಫು ಅರ್ಧ ಕೆತ್ತಿದ ಕಡಲ ತಾಯಿಯನ್ನು ತಮ್ಮನ ಕೈಗೆ ಕೊಟ್ಟು ನದಿ ಇಳಿದು ಬಂದರು.

ಬಂದ ಮೊದಲ ವಾರವೇ ಫ್ರೆಂಚ್ ಮೇಷ್ಟ್ರು ಅವರ ಕೈಗೆ ಹಿತ್ತಾಳೆಯ ಒಂದು ಅಳತೆಪಟ್ಟಿ ಕೊಟ್ಟ. ಮೇಸ್ತ್ರಿ ತಮ್ಮ ಹಳೆ ಕೋಲಿನ ಪಕ್ಕ ಅದನ್ನಿಟ್ಟು ನೋಡಿ, "ಇದು ಸುಳ್ಳು ಹೇಳ್ತದೆ" ಎಂದರಂತೆ. ಸುಳ್ಳೇ. ಆ ಪಟ್ಟಿಯ ಒಂದೊಂದು ಗೀಟೂ ನಿಜವಾದದ್ದಕ್ಕಿಂತ ನೂರಕ್ಕೆ ಒಂದು ಪಾಲು ದೊಡ್ಡದು. ಕಾದ ಕಬ್ಬಿಣ ಆರುವಾಗ ಅಷ್ಟು ಕುಗ್ಗುತ್ತದೆ. ಅದಕ್ಕೇ ಮರದ ಅಚ್ಚು ಅಷ್ಟು ದೊಡ್ಡದಾಗಿರಬೇಕು.

"ದೇವರು ಕುಗ್ಗಲ್ಲ, ಕಬ್ಬಿಣ ಕುಗ್ಗುತ್ತೆ. ಇಷ್ಟೇ ವ್ಯತ್ಯಾಸ" ಎಂದು ಮೇಸ್ತ್ರಿ ಹೊಸ ಹುಡುಗರಿಗೆ ಹೇಳುತ್ತಿದ್ದರು. ಹದಿನೆಂಟು ವರ್ಷ ಆ ಎರಕದ ಪಟ್ಟಿ ಅವರ ಸೊಂಟದಲ್ಲೇ ಇತ್ತು. ಮರಿ ಕೆಲಸಕ್ಕೆ ಸೇರಿದ ಹಡಗಿನ ಎಂಜಿನ್ನಿನ ಸಿಲಿಂಡರ್ ಅವರದೇ ಅಚ್ಚಿನಿಂದ ಬಂದದ್ದು. ಆ ಹಡಗು ಗುಡ್ಡ ಸುತ್ತಿ ಹೊಗೆ ಬಿಟ್ಟುಕೊಂಡು ಬಂದಾಗಲೆಲ್ಲ ಮೇಸ್ತ್ರಿ ಕೊಡತಿ ಕೆಳಗಿಟ್ಟು ಸದ್ದು ಕೇಳುತ್ತಿದ್ದರು. "ನೋಡು, ಒಳಗೆ ಮಗ, ಹೊರಗೆ ಮಗ" ಎಂದು ನಗುತ್ತಿದ್ದರು.

ಹದಿನೆಂಟನೇ ವರ್ಷದ ಏಳನೇ ತಿಂಗಳು, ಸತ್ತವರನ್ನು ಊರೊಳಗೆ ಬಿಡುವ ತಿಂಗಳು, ಶುರುವಾಗುವ ಮೊದಲೇ ಫ್ರೆಂಚರ ಯುದ್ಧನೌಕೆಗಳು ಬಂದು ನಮ್ಮ ಹಡಗುಗಳ ಮಗ್ಗುಲಲ್ಲೇ ಲಂಗರು ಹಾಕಿದ್ದವು. ತಿಂಗಳಾದರೂ ಹೋಗಲಿಲ್ಲ, ಹೊಡೆಯಲೂ ಇಲ್ಲ. ಅವರ ನಾವಿಕರು ಬಟ್ಟೆ ಒಗೆದು ಹಗ್ಗಕ್ಕೆ ಹಾಕುವುದು ನಮ್ಮ ಕಿಟಕಿಗೆ ಕಾಣುತ್ತಿತ್ತು. ನಮಗೆ ಗಣಿತ ಕಲಿಸಿದವರ ಅಣ್ಣತಮ್ಮಂದಿರೇ ಎಂದುಕೊಂಡು ನಾವೂ ಅಭ್ಯಾಸ ಮಾಡಿಕೊಂಡುಬಿಟ್ಟಿದ್ದೆವು. ಏಳನೇ ತಿಂಗಳ ಮೂರನೇ ದಿನ ಮಧ್ಯಾಹ್ನ, ಭರತ ಇಳಿಯತೊಡಗಿ ನದಿಯ ನೀರು ತಿರುಗುವ ಹೊತ್ತಿಗೆ ಅವರ ಫಿರಂಗಿ ಶುರುವಾಯಿತು. ಬಟ್ಟಲಲ್ಲಿದ್ದ ಸಾರು ಆರುವುದರೊಳಗೆ ಮುಗಿಯಿತು. ಹದಿನೆಂಟು ವರ್ಷದಲ್ಲಿ ಕಟ್ಟಿದ್ದು ನೀರಿನೊಳಗೆ ಹೋಯಿತು.

ನಾನು ಆಗ ಏನು ಮಾಡುತ್ತಿದ್ದೆ ಎಂದು ಕೇಳಿದರೆ, ತಲೆಯ ಮೇಲೆ ಉದ್ದದೊಂದು ಮರದ ಸ್ಕೇಲು ಅಡ್ಡ ಹಿಡಿದುಕೊಂಡು ಗುಡ್ಡದ ಕಡೆ ಓಡುತ್ತಿದ್ದೆ. ಫಿರಂಗಿ ಗುಂಡಿಗೆ ಸ್ಕೇಲು ಅಡ್ಡ ಹಿಡಿದ ಮನುಷ್ಯ ನಮ್ಮ ಸಾಮ್ರಾಜ್ಯದಲ್ಲಿ ನಾನೊಬ್ಬನೇ ಇರಬೇಕು.

ನದಿ ಕೆಲವರನ್ನು ವಾಪಸ್ಸು ಕೊಟ್ಟಿತು, ಬಹಳ ಜನರನ್ನು ಕೊಡಲಿಲ್ಲ; ಮರಿಯನ್ನೂ ಕೊಡಲಿಲ್ಲ. ದೇಹ ಸಿಗದವನಿಗೆ ಗೋರಿಯಿಲ್ಲ, ಗೋರಿಯಿಲ್ಲದವನಿಗೆ ಅನ್ನ ಇಡುವುದು ಎಲ್ಲಿ? ಅವನು ನೀರಿನ ಅಂಚಲ್ಲಿ ಕೂತು ಹೋಗಿಬರುವವರ ಕಾಲು ಹಿಡಿಯುತ್ತಾನೆ. ನಲವತ್ತೊಂಬತ್ತನೇ ದಿನದೊಳಗೆ ಅವನ ಜೀವವನ್ನು ನದಿಯಿಂದ ಕರೆದು ತಂದು ಒಂದು ಮೈಯೊಳಗೆ ಕೂರಿಸಿ ಮಣ್ಣು ಮಾಡಬೇಕು. ಆಮೇಲೆ ಕರೆದರೆ ಕೇಳಿಸುವುದಿಲ್ಲ. ಹಾಗಾಗಿ ಎರಡನೇ ವಾರದಿಂದಲೇ ಹೆಂಗಸರು ಮೇಸ್ತ್ರಿಯ ಅಂಗಳಕ್ಕೆ ಬರತೊಡಗಿದರು. ದೇವರು ಮಾಡಿದ ಕೈ, ಮನುಷ್ಯನನ್ನು ಮಾಡಲಾರದೆ?

ಮೇಸ್ತ್ರಿ ಒಲ್ಲೆ ಎನ್ನಲಿಲ್ಲ. ತಲೆ, ಕೈ, ಪಾದ ಮಾತ್ರ ಸರಿಯಾಗಿ. ಬಟ್ಟೆಯೊಳಗೆ ಹೋಗುವ ಭಾಗ ಒರಟು ಹಲಗೆ. ಬೆನ್ನಲ್ಲಿ ಗೂಡು, ಅದರೊಳಗೆ ಹುಟ್ಟಿದ ಗಳಿಗೆ ಬರೆದ ಚೀಟಿ. ಚೀಟಿ ಬರೆಯುವುದು, ಅಳತೆ ಗುರುತು ಹಾಕುವುದು ನನ್ನ ಪಾಲಿಗೆ ಬಂತು. ಹೋದವನ ಎತ್ತರ ಎಷ್ಟು ಎಂದು ಕೇಳಿದರೆ ಯಾರಿಗೂ ಅಂಕಿ ಗೊತ್ತಿಲ್ಲ. ಹೆಂಗಸರು ಎದ್ದು ನಿಂತು, ಒಂದು ಕೈಯನ್ನು ಗಾಳಿಯಲ್ಲಿ ಚಾಚಿ, "ಇಷ್ಟು" ಎನ್ನುತ್ತಿದ್ದರು. ಕೆಲವರು ಕೈಯನ್ನು ಒಂದಿಷ್ಟು ಮೇಲೆ, ಒಂದಿಷ್ಟು ಕೆಳಗೆ ಸರಿಸಿ, ಅಲ್ಲೇನೋ ತಗುಲಿದ ಹಾಗೆ ನಿಲ್ಲಿಸುತ್ತಿದ್ದರು. ನಾನು ನೆಲದಿಂದ ಆ ಅಂಗೈಯವರೆಗೆ ಅಳೆಯುತ್ತಿದ್ದೆ. ಇಪ್ಪತ್ತಮೂರು ಸಲ ಏನೂ ಇಲ್ಲದ್ದನ್ನು ಅಳೆದಿದ್ದೇನೆ. ಒಂದೊಂದು ಸಲ ಅಳೆಯುವಾಗ ಕೋಲು ಆಚೀಚೆ ಆಡದ ಹಾಗೆ ಯಾರೋ ಹಿಡಿದುಕೊಂಡಂತೆ ಅನಿಸುತ್ತಿತ್ತು. ಯಾರಿಗೂ ಹೇಳಲಿಲ್ಲ, ಹೇಳಿದರೆ ಸ್ಕೇಲಿನ ಕತೆ ಎತ್ತುತ್ತಿದ್ದರು.

ಇಪ್ಪತ್ತಮೂರು ಮನೆಗೆ ಮೈ ಮಾಡಿಕೊಟ್ಟ ಮೇಸ್ತ್ರಿ ಮರಿಗೆ ಮಾತ್ರ ಮಾಡಲಿಲ್ಲ.

"ಅಲ್ಲಾ ಮರಿ ಅಪ್ಪಾ," ಎನ್ನುತ್ತಿದ್ದರು ದೊಡ್ಡಮ್ಮ. ಮೇಸ್ತ್ರಿಯ ಹೆಂಡತಿಯನ್ನು ನಾನು ಚಿಕ್ಕಂದಿನಿಂದ ದೊಡ್ಡಮ್ಮ ಎಂದೇ ಕರೆಯುವುದು. "ಊರೋರ ಮಕ್ಕಳನ್ನೆಲ್ಲ ಮನೆ ಸೇರಿಸ್ತಿದ್ದೀರಲ್ಲ, ನಮ್ಮೋನು ಎಲ್ಲಿರಬೇಕು?"

"ಬರ್ತಾನೆ."

"ಎಲ್ಲಿಂದ?"

ಮೇಸ್ತ್ರಿ ಎದ್ದು ನದಿ ದಂಡೆಗೆ ಹೋಗುತ್ತಿದ್ದರು. ಬದುಕಿ ಬಂದ ನಾವಿಕರು, ದೋಣಿಯವರು, ಅಂದು ಬಟ್ಟೆ ಒಗೆಯುತ್ತಿದ್ದವರು, ಯಾರು ಸಿಕ್ಕರೂ ಅವರದು ಒಂದೇ ಪ್ರಶ್ನೆ. ನನ್ನ ಮಗನನ್ನು ಕಂಡಿರಾ ಎಂದಲ್ಲ. "ಆ ಹಡಗು ಕದಲಿತಾ? ಎಂಜಿನ್ ತಿರುಗೋ ಸದ್ದು ಕೇಳ್ತಾ?" ಕಡೆಗೆ ಒಬ್ಬ ಅಂಬಿಗ, "ಇಲ್ಲ ಮೇಸ್ತ್ರಿ, ಅದು ನಿಂತಲ್ಲೇ ನಿಂತಿತ್ತು, ನಿಂತಲ್ಲೇ ಹೋಯ್ತು" ಎಂದುಬಿಟ್ಟ. ಉಳಿದ ಒಂದೆರಡು ಹಡಗು ಉಗಿ ಏರಿಸಿಕೊಂಡು ಮೇಲಕ್ಕೆ ಓಡಿ ಜೀವ ಉಳಿಸಿಕೊಂಡಿದ್ದವು. ಇದು ಕದಲಲೇ ಇಲ್ಲ.

ಮೂವತ್ತೊಂಬತ್ತನೇ ದಿನ ದೊಡ್ಡಮ್ಮ ಅವರ ಮುಂದೆ ಉಳಿ ತಂದಿಟ್ಟರು. ನಾನು ಮೀನುಂಡೆ ಸಾರಿನ ಬಟ್ಟಲು ಹಿಡಿದು ಮೂಲೆಯಲ್ಲಿ ಕೂತಿದ್ದೆ; ದುಃಖದ ಮನೆಯಲ್ಲೂ ನನಗೆ ಹಸಿವಾಗುತ್ತದೆ, ಅದೊಂದು ಕೆಟ್ಟ ಚಾಳಿ.

"ಹತ್ತು ದಿನ ಉಳಿದಿದೆ," ಎಂದರು ದೊಡ್ಡಮ್ಮ.

"ನನ್ನ ಕೈಲಿ ಆಗಲ್ಲ ಕಣೇ."

"ಇಪ್ಪತ್ತಮೂರು ಜನಕ್ಕೆ ಆಯ್ತು."

"ಅವರ್ಯಾರನ್ನೂ ನಾನು ಕೊಂದಿರಲಿಲ್ಲ." ಮೇಸ್ತ್ರಿ ತಮ್ಮ ಅಂಗೈ ನೋಡಿಕೊಂಡರು. "ಅಚ್ಚು ನನ್ನದು. ಆ ಸಿಲಿಂಡರ್ ಬಿರುಕು ಬಿಟ್ಟಿದ್ರೆ? ಉಗಿ ಏರಿಸಿದ್ದಾರೆ, ಅದು ತಿರುಗಿಲ್ಲ, ಹುಡುಗ್ರು ಕೆಳಗೆ ಒದ್ದಾಡ್ತಿದ್ದಾರೆ... ಕೊಂದೋನ ಕೈಲಿ ಮೈ ಕೆತ್ತಿಸಿದ್ರೆ ಅವನು ಅದರೊಳಗೆ ಬರ್ತಾನಾ? ನೀನಾದ್ರೆ ಬರ್ತಿದ್ಯಾ?"

ದೊಡ್ಡಮ್ಮ ಅಳಲಿಲ್ಲ, ಕೂಗಾಡಲಿಲ್ಲ. "ಸರಿ. ಹೆತ್ತೋಳು ನಾನು, ನಾನೇ ಕೆತ್ತುತ್ತೀನಿ" ಎಂದು ಉಳಿ ಎತ್ತಿಕೊಂಡು ಅಂಗಳಕ್ಕೆ ನಡೆದರು.

ಎರಡು ದಿನ ಕೆತ್ತಿದರು. ಆ ಸದ್ದು ಬೀದಿಗೆಲ್ಲ ಕೇಳುತ್ತಿತ್ತು. ಬಡಿತಕ್ಕೊಂದು ಲಯವಿಲ್ಲ, ಬಾಗಿಲು ತಟ್ಟಿದ ಹಾಗೆ. ಒಳ್ಳೆಯ ಕರ್ಪೂರದ ದಿಮ್ಮಿ ಅಡ್ಡಾದಿಡ್ಡಿ ಸೀಳಿತು. ಮೂರನೇ ದಿನ ನಾನು ಹೋದಾಗ ದೊಡ್ಡಮ್ಮ ಕೈಗೆ ಬಟ್ಟೆ ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು, ಕೆಲಸದ ಕೋಣೆಯ ಬಾಗಿಲು ಒಳಗಿಂದ ಹಾಕಿತ್ತು. ಒಳಗೆ ಕೊಡತಿಯ ಸದ್ದು. ಈ ಸಲ ಲಯ ತಪ್ಪುತ್ತಿರಲಿಲ್ಲ.

"ಒಂದು ಮಾತಾಡ್ಲಿಲ್ಲ," ಎಂದರು ದೊಡ್ಡಮ್ಮ. "ಬಂದ್ರು, ನನ್ನ ಕೈಯಿಂದ ಉಳಿ ಕಿತ್ಕೊಂಡ್ರು, 'ಎಷ್ಟು ಮರ ಹಾಳು ಮಾಡ್ದೆ' ಅಂದ್ರು. ಅಷ್ಟೆ."

ಬಾಗಿಲು ತೆರೆದದ್ದು ನಲವತ್ತೇಳನೇ ದಿನ ಬೆಳಿಗ್ಗೆ. ಕರೆಯುವ ಶಾಸ್ತ್ರ ಮಾಡಿಸುವ ಪೂಜಾರಿಯೂ ಬಂದಿದ್ದ. ಅವನಿಗೆ ಬಿಡದ ನೆಗಡಿ, ಎರಡು ಮಂತ್ರಕ್ಕೊಂದು ಸೀನು. ಮರಿ ಬೆಂಚಿನ ಮೇಲೆ ಮಲಗಿದ್ದ. ಬೇರೆಯವರಿಗೆ ಒರಟು ಹಲಗೆ ಸಾಕೆಂದಿದ್ದ ಮೇಸ್ತ್ರಿ ಮಗನಿಗೆ ಪಕ್ಕೆಲುಬಿನವರೆಗೂ ಕೆತ್ತಿದ್ದರು. ಎಡ ಹುಬ್ಬಿನ ಮೇಲೆ ಸುಟ್ಟ ಕಲೆಯೂ ಇತ್ತು. ಪೂಜಾರಿ ಸೀನುವುದನ್ನೂ ಮರೆತ.

ದೊಡ್ಡಮ್ಮ ಮುಖ ನೋಡಲಿಲ್ಲ. ನೋಡಿದರೆ ಆಗುವುದಿಲ್ಲ ಎಂದು ಗೊತ್ತಿತ್ತೇನೋ. ನೇರ ಕಾಲಿನ ಹತ್ತಿರ ಹೋಗಿ, ತಾವೇ ಹೊಲಿದ ಹೊಸ ಬಟ್ಟೆಯ ಜೋಡು ತೊಡಿಸತೊಡಗಿದರು. ಜೋಡು ಅರ್ಧಕ್ಕೆ ನಿಂತಿತು. ತಿರುಗಿಸಿದರು, ಹಿಮ್ಮಡಿ ಹಿಡಿದು ಎಳೆದರು. ಮಾಂಸದ ಕಾಲಾದರೆ ಮಣಿಯುತ್ತದೆ. ಮರ ಮಣಿಯಲಿಲ್ಲ.

"ಇದು ನನ್ನ ಮಗನ ಕಾಲಲ್ಲ."

ಒಳಗೆ ಹೋಗಿ ಪಂಚಾಂಗ ತಂದರು. ಅದರ ಹಾಳೆಗಳ ನಡುವೆ ಮಗನ ಪಾದದ ಕಾಗದದ ಅಚ್ಚುಗಳು, ಒಂದೊಂದು ವರ್ಷದ್ದು ಒಂದೊಂದು, ಮೊದಲನೆಯದು ನನ್ನ ಹೆಬ್ಬೆರಳಿಗಿಂತ ಒಂದಿಷ್ಟೇ ದೊಡ್ಡದು. ನಮ್ಮ ಕಡೆಯ ತಾಯಂದಿರೆಲ್ಲ ಹಾಗೆ ಕತ್ತರಿಸಿಟ್ಟುಕೊಳ್ಳುತ್ತಾರೆ, ಜೋಡು ಹೊಲಿಯುವುದಕ್ಕೆ. ಕಡೆಯ ಅಚ್ಚನ್ನು ಮರದ ಅಂಗಾಲಿಗೆ ಒತ್ತಿ ಹಿಡಿದರು. ಕಾಗದದ ಸುತ್ತಲೂ ಮರ ಕಾಣಿಸಿತು, ನುಚ್ಚಕ್ಕಿಯ ಅಗಲ.

ಬೆಂಚಿನ ಮೇಲೆ ಹಿತ್ತಾಳೆಯ ಪಟ್ಟಿ ಇತ್ತು. ಇಪ್ಪತ್ತಮೂರು ಮೈಗಳನ್ನು ಅಳೆದ ಹಳೆಯ ಕೋಲು ಗೋಡೆಯ ಮೊಳೆಯಲ್ಲಿ ಧೂಳು ಹಿಡಿದು ನೇತಾಡುತ್ತಿತ್ತು. ಸುಮ್ಮನಿರಬೇಕಾದಲ್ಲಿ ಸುಮ್ಮನಿರುವುದು ನನಗೆ ಯಾವ ಶಾಲೆಯಲ್ಲೂ ಕಲಿಸಿಲ್ಲ.

"ಮೇಸ್ತ್ರೀ, ಎರಕದ ಪಟ್ಟಿ ಹಿಡಿದುಬಿಟ್ಟಿದ್ದೀರಿ."

ಮೇಸ್ತ್ರಿ ಪಟ್ಟಿಯನ್ನೊಮ್ಮೆ, ಮಗನನ್ನೊಮ್ಮೆ ನೋಡಿದರು. "ಹೌದು," ಎಂದರು, ದಿನವೂ ಹಡಗುಕಟ್ಟೆಯಲ್ಲಿ ಹೇಳುವ ಅದೇ ಸಲೀಸಿನಲ್ಲಿ. "ಪರವಾಗಿಲ್ಲ, ಆರಿದ ಮೇಲೆ ಸರಿಹೋಗುತ್ತೆ."

ಆಡಿದ ಮಾತು ಅವರ ಕಿವಿಗೇ ತಡವಾಗಿ ಬಿತ್ತು. ನಾವು ಮೂವರೂ ನೆಲ ನೋಡುತ್ತಿದ್ದೆವು. ಆ ಮನುಷ್ಯ ಆರು ದಿನ ಬಾಗಿಲು ಹಾಕಿಕೊಂಡು ಮಗನ ಹೆಣ ಕೆತ್ತಿರಲಿಲ್ಲ. ಅಚ್ಚು ಮಾಡಿದ್ದರು. ಇನ್ನು ಎರಕ ಹೊಯ್ಯುವುದೊಂದು ಬಾಕಿ.

ಪೂಜಾರಿ ಮೆಲ್ಲಗೆ, "ಹಿಮ್ಮಡೀನ ಒಂದಿಷ್ಟು ಕೀಸಿಬಿಡಿ ಯಜಮಾನ್ರೇ, ಅದಕ್ಕೇನಂತೆ" ಎಂದ.

"ಕೀಸಲ್ಲ."

"ಜೋಡಿಲ್ದೆ ಕಳಿಸಕ್ಕಾಗಲ್ಲ. ಅಲ್ಲಿಯ ದಾರೀಲಿ ಕಲ್ಲು..."

"ಕೀಸಲ್ಲ ಅಂದ್ನಲ್ಲ! ಯಾರೂ ಅವನ ಮೈ ಮುಟ್ಟಕೂಡದು."

ಮೇಸ್ತ್ರಿ ಮಗನಿಗೂ ನಮಗೂ ನಡುವೆ ಬಂದು ನಿಂತರು. ಕೈಯಲ್ಲಿ ಉಳಿ ಇತ್ತು. ಎರಡು ದಿನದಲ್ಲಿ ಮಣ್ಣಾಗಬೇಕು, ಇಲ್ಲವಾದರೆ ಮರಿ ನದಿಯ ಪಾಲು, ಈತ ಒಪ್ಪುವುದಿಲ್ಲ. ಪೂಜಾರಿ ನನ್ನತ್ತ ನೋಡಿದ, ನಾನು ಬಾಗಿಲತ್ತ ನೋಡಿದೆ. ಓಡುವ ವಿಷಯದಲ್ಲಿ ನನಗೆ ಅನುಭವವಿದೆ.

ದೊಡ್ಡಮ್ಮ ಮಾತ್ರ ನೆಲದ ಮೇಲೆ ಕೂತರು. ಜೋಡನ್ನು ತೊಡೆಯ ಮೇಲಿಟ್ಟುಕೊಂಡು, ಕೂದಲ ಗಂಟಿನಿಂದ ಸೂಜಿ ತೆಗೆದು, ಹಿಮ್ಮಡಿಯ ಹೊಲಿಗೆ ಬಿಚ್ಚತೊಡಗಿದರು.

"ಏನೇ ಮಾಡ್ತಿದ್ದೀ?" ಎಂದರು ಮೇಸ್ತ್ರಿ.

"ಕಾಣಲ್ವಾ? ಅಗಲ ಮಾಡ್ತಿದ್ದೀನಿ."

"ನಿನ್ನ ಕಾಗದದ ಅಳತೆ..."

"ಅದು ಹೋದ ಚಳಿಗಾಲದ್ದು." ದಾರ ಹಲ್ಲಲ್ಲಿ ಕಚ್ಚಿ ತುಂಡು ಮಾಡಿದರು. "ಹತ್ತೊಂಬತ್ತು ವರ್ಷದ ಹುಡುಗ. ಬೆಳೆದಿದ್ದಾನೆ, ಇನ್ನೇನು? ಪ್ರತಿ ವರ್ಷ ಇದೇ ರಾಮಾಯಣ ಇವನದು..."

ಇಲ್ಲಿ ಒಂದು ತಪ್ಪೊಪ್ಪಿಗೆ: ದೊಡ್ಡಮ್ಮ ಹೇಳಿದ್ದು ರಾಮಾಯಣ ಎಂದಲ್ಲ, ನಮ್ಮಲ್ಲಿ ಬೇರೆ ಮಾತಿದೆ. ಅದರ ಧಾಟಿ ಅದೇ. ಹೊಸ ಜೋಡು ಪ್ರತಿ ವರ್ಷ ಚಿಕ್ಕದಾಗುವುದಕ್ಕೆ ತಾಯಿ ಗೊಣಗುವ ಧಾಟಿ. ಗೊಣಗುತ್ತಲೇ ಹೊಲಿದರು. ಈ ಸಲ ಜೋಡು ಸಲೀಸಾಗಿ ಹತ್ತಿತು. ಮೇಸ್ತ್ರಿಯ ಕೈಯಿಂದ ಉಳಿ ಜಾರಿತು. ಗೋಡೆ ಹಿಡಿದುಕೊಂಡು ಕೂತು, "ಯಾರು ಕರೀಬೇಕು?" ಎಂದು ಕೇಳಿದರು.

"ಅಪ್ಪ," ಎಂದ ಪೂಜಾರಿ. "ಮದುವೆ ಆಗದ ಹುಡುಗ, ಅಪ್ಪನೇ ಕರೀಬೇಕು. ಅವನ ಓರಗೆಯವನೊಬ್ಬ ಹಿಂದೆ ನಡೀತಾ ಅವನ ಪರವಾಗಿ ಓಗೊಡಬೇಕು."

ಎಲ್ಲರೂ ನನ್ನನ್ನೇ ನೋಡಿದರು. ಶಾಲೆಯಲ್ಲಿ ನಾನು ತಡವಾಗಿ ಎದ್ದ ದಿನ ಹಾಜರಿ ಕರೆಯುವಾಗ ನನ್ನ ಹೆಸರಿಗೆ ಮರಿಯೇ ಓಗೊಡುತ್ತಿದ್ದ. ಒಲ್ಲೆ ಎನ್ನಲು ನನಗೆ ಮುಖವಿರಲಿಲ್ಲ.

"ಬಂದೆ ಅನ್ನು, ಅಷ್ಟೇ," ಎಂದು ಪೂಜಾರಿ ಬೆರಳೆತ್ತಿ ಎಚ್ಚರಿಸಿದ. "ಇನ್ನೊಂದು ಮಾತು ಆಡಬೇಡ. ನದೀಲಿರೋನು ಅವನೊಬ್ಬನೇ ಅಲ್ಲ. ಬಾಯಿ ತೆರೆದಿಟ್ರೆ ಯಾರು ಬೇಕಾದ್ರೂ ಬಂದು ಕೂತಾರು."

ನಲವತ್ತೊಂಬತ್ತನೇ ದಿನ ನೀರು ತಿರುಗುವ ಹೊತ್ತಿಗೆ ದಂಡೆಗೆ ಹೋದೆವು. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಸುಟ್ಟ ಹಡಗುಗಳ ತುದಿಗಳು ನೀರಿನಿಂದ ಮೇಲೆದ್ದು ನಿಂತಿದ್ದವು, ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. ಎಲೆ ಬಿಡಿಸದ ಬಿದಿರಿನ ತುದಿಗೆ ಮರಿಯ ಅಂಗಿ ಕಟ್ಟಿ ಮೇಸ್ತ್ರಿ ಹಿಡಿದಿದ್ದರು. ದೊಡ್ಡಮ್ಮನ ಕೈಯ ಬುಟ್ಟಿಯಲ್ಲಿ ಬಿಳಿ ಹುಂಜ; ಜೀವ ಬಂದರೆ ಮೊದಲು ಗೊತ್ತಾಗುವುದು ಅದಕ್ಕೆ. ಪೂಜಾರಿ ಗಂಟೆ ಬಾರಿಸಿದ.

ಮೇಸ್ತ್ರಿಯ ಬಾಯಿಂದ ಬಂದದ್ದು, ಸಂಜೆ ಊಟಕ್ಕೆ ಬೀದಿಯಿಂದ ಹುಡುಗನನ್ನು ಕರೆಯುವ ಕೂಗು.

"ಮರೀ... ಬಾರೋ ಮನೇಗೆ!"

"ಬಂದೆ," ಎಂದೆ. ನನ್ನ ದನಿ ತೆಳು, ಇಲಿ ಕಿರುಗುಟ್ಟಿದ ಹಾಗೆ.

ಹಿಂತಿರುಗಿ ನೋಡಕೂಡದು, ನಿಲ್ಲಕೂಡದು. ಮೇಸ್ತ್ರಿ ಮುಂದೆ, ಪೂಜಾರಿ ಪಕ್ಕದಲ್ಲಿ, ದೊಡ್ಡಮ್ಮ ನಡುವೆ, ನಾನು ಕಡೆಯಲ್ಲಿ. ದಾರಿಯ ಒಂದೊಂದು ತಿರುವನ್ನೂ ಬರುವವನಿಗೆ ಹೇಳುತ್ತಾ ಹೋಗಬೇಕು, ಇಲ್ಲವಾದರೆ ತಪ್ಪಿಸಿಕೊಳ್ಳುತ್ತಾನೆ.

"ಮರೀ, ಮೆಟ್ಟಿಲು. ಪಾಚಿ ಇದೆ, ನೋಡ್ಕೊಂಡು."

"ಬಂದೆ."

"ಮರೀ, ಆಲದ ಮರ. ಬೇರು ಎಡವೀಯ."

"ಬಂದೆ ಅಪ್ಪ."

ಅಪ್ಪ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಬಾಯಿಗೆ ಬಂತು, ಅಂದೆ. ಮೇಸ್ತ್ರಿ ಬಿದಿರನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. ಅಲ್ಲಿಂದ ನನ್ನ ಹೆಜ್ಜೆಯ ಸದ್ದಿನ ಹಿಂದೆ ಇನ್ನೊಂದು ಹೆಜ್ಜೆ ಕೇಳಿದ ಹಾಗೆ ಅನಿಸತೊಡಗಿತು, ಒದ್ದೆ ಜೋಡಿನದು. ಹೆದರುಪುಕ್ಕಲರ ಕಿವಿಗೆ ಏನೆಲ್ಲ ಕೇಳುತ್ತದೆ ಎಂದುಕೊಂಡು ಲಗುಬಗೆ ನಡೆದೆ.

"ಮರೀ, ಸೇತುವೆ ಬಂತು."

"ಬಂದೆ ಅಪ್ಪ."

ಕಲ್ಲಿನ ಸೇತುವೆಯ ನಡುವೆ ಮೇಸ್ತ್ರಿ ನಿಂತುಬಿಟ್ಟರು. ಪೂಜಾರಿ ಗಾಬರಿಯಿಂದ ಗಂಟೆಯನ್ನು ಜೋರಾಗಿ ಅಲ್ಲಾಡಿಸಿದ. ಮೇಸ್ತ್ರಿ ತಿರುಗಿ ನೋಡಲಿಲ್ಲ. ಕೆಳಗಿನ ನೀರಿಗೆ ಹೇಳುವ ಹಾಗೆ ತಗ್ಗಿದ ದನಿಯಲ್ಲಿ ಕೇಳಿದರು:

"ಮರೀ, ಎಂಜಿನ್ ತಿರುಗಿತೇನೋ?"

ಇದಕ್ಕೆ ಬಂದೆ ಎಂದು ಹೇಳಲಾಗುವುದಿಲ್ಲ. ಪೂಜಾರಿ ಹಿಂತಿರುಗದೆಯೇ ಬೇಡ ಬೇಡ ಎಂದು ನನಗೆ ತಲೆಯಾಡಿಸುತ್ತಿದ್ದ. ದೊಡ್ಡಮ್ಮ ತಲೆ ತಗ್ಗಿಸಿ ನಿಂತಿದ್ದರು. ಬಿದಿರಿನ ಮೇಲಿನ ಅಂಗಿ ಗಾಳಿಯಿಲ್ಲದೆ ಜೋತುಬಿದ್ದಿತ್ತು. ಸುಮ್ಮನಿರಬೇಕು, ಈಗಲಾದರೂ ಸುಮ್ಮನಿರಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದುದು ನೆನಪಿದೆ.

"ತಿರುಗಿತಪ್ಪ. ಚೆನ್ನಾಗಿ ತಿರುಗಿತು. ನೀರೇ ಜಾಸ್ತಿ ಬಂತು."

ಎಂಜಿನ್ ಕೋಣೆಯವರು ಮಾತಾಡುವುದೇ ಬೇರೆ. ಯಂತ್ರದ ಗದ್ದಲದ ಮೇಲೆ ಕೇಳಿಸಬೇಕೆಂದು ಎದೆಯಿಂದ ಎತ್ತಿ, ಒಂದೊಂದೇ ಮಾತು ಬಿಡಿಸಿ ಆಡುತ್ತಾರೆ. ಆ ಮಾತು ಹಾಗೆ ಬಂತು. ನನ್ನ ಗಂಟಲು ಆಮೇಲೆ ಮೂರು ದಿನ ನೋಯುತ್ತಿತ್ತು.

ಬುಟ್ಟಿಯಲ್ಲಿ ಹುಂಜ ಎದ್ದು ನಿಂತಿತು. ಮೇಸ್ತ್ರಿ ತಲೆಯಾಡಿಸಿದರು, ಕೆಲಸದವನು ತಂದ ಲೆ‌ಕ್ಕ ಸರಿಯಿದೆ ಎನ್ನುವ ಹಾಗೆ. "ಸರಿ, ಬಾ. ನಿಮ್ಮಮ್ಮ ಕಾಯ್ತಿದ್ದಾಳೆ" ಎಂದು ನಡೆದರು. ಗುಡ್ಡದ ಮೇಲೆ ಮಗನ ಬೆನ್ನಿನ ಗೂಡಿಗೆ ಚೀಟಿ ಇಟ್ಟು ಮುಚ್ಚಳ ಬಡಿದದ್ದು ಅವರೇ. ಮಣ್ಣು ಹಾಕಿದ್ದೂ ಅವರೇ ಮೊದಲು.

ಮುಂದಿನ ವಾರ ಮೇಸ್ತ್ರಿ ಕೆಲಸಕ್ಕೆ ಬಂದರು. ಸುಟ್ಟ ಕೆಲಸದ ಶೆಡ್ಡುಗಳಿಗೆ ಆಳುಗಳು ಸೂರು ಹಾಕುತ್ತಿದ್ದರು. ಬೀಜಿಂಗಿನಿಂದ ಹೊಸ ಹಡಗಿಗೆ ಅಪ್ಪಣೆ ಬಂದಿತ್ತು, ಈ ಸಲ ಕಬ್ಬಿಣದ ಕವಚದ್ದು. ಮೇಸ್ತ್ರಿ ಊಟ ಮಾಡತೊಡಗಿದ್ದರು, ನನ್ನನ್ನು ಗೆರೆಯಪ್ಪ ಎಂದು ಹಂಗಿಸತೊಡಗಿದ್ದರು. ಹೊಸ ಹುಡುಗರಿಗೆ ಸಿಲಿಂಡರಿನ ಅಚ್ಚು ತೋರಿಸುವಾಗ, "ಇದೇ ಥರದ್ದು ಆ ಹಡಗಲ್ಲಿತ್ತು. ಕಡೇ ಗಳಿಗೆವರೆಗೂ ತಿರುಗ್ತು. ನನ್ನ ಮಗನೇ ಹೇಳ್ದ" ಎನ್ನುತ್ತಿದ್ದರು. ಹುಡುಗರು ಕಣ್ಣರಳಿಸಿ ಕೇಳುತ್ತಿದ್ದರು. ಲಂಗರು ಹಾಕಿದ ಹಡಗಿನಲ್ಲಿ ವಾಂತಿ ಮಾಡಿದವನು ಆ ಯುದ್ಧದ ಸಾಕ್ಷಿಯಾಗಿಬಿಟ್ಟಿದ್ದೆ, ಅದೂ ಹೆಸರಿಲ್ಲದೆ.

ಮರುವರ್ಷ ವಸಂತದಲ್ಲಿ ಆ ಹಡಗಿನ ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದ ಬೆಂಕಿಯಾಳೊಬ್ಬ ಸಿಕ್ಕ. ಕೆಳದಂಡೆಯ ಬೆಸ್ತರು ಎತ್ತಿ ಬದುಕಿಸಿದ್ದರಂತೆ, ಒಂದು ಕಾಲಿಲ್ಲ. ಚಹಾ ಕೊಡಿಸಿ ಕೇಳಿದೆ. "ಎಂಜಿನ್ನಾ?" ಎಂದು ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ. "ಬೆಂಕಿ ತಗ್ಗಿಸಿಟ್ಟಿದ್ವಲ್ಲ ಸ್ವಾಮಿ. ಉಗಿ ಎಲ್ಲಿತ್ತು? ಕೆದಕಿ ಎಬ್ಬಿಸೋ ಹೊತ್ತಿಗೆ ಮೊದಲ್ನೇ ಏಟು. ಎಂಜಿನ್ ಮಲಗೇ ಇತ್ತು, ಪಾಪ. ಕೆಡೋಕ್ಕಾದ್ರೂ ತಿರುಗಬೇಕಲ್ಲ?"

ಅಂದರೆ ಅಚ್ಚಿನ ತಪ್ಪೇನೂ ಇರಲಿಲ್ಲ. ಇದನ್ನು ಮೇಸ್ತ್ರಿಗೆ ಹೇಳಬಹುದಿತ್ತು. ಹೇಳಿದರೆ ಸೇತುವೆಯ ಮೇಲಿನ ಮಾತು ಸುಳ್ಳಾಗುತ್ತಿತ್ತು, ಹೇಳಿದವನು ಮರಿಯಲ್ಲ ಎಂದಾಗುತ್ತಿತ್ತು, ಹಾಗಾದರೆ ಮನೆಗೆ ಬಂದವನು ಯಾರು ಎಂದಾಗುತ್ತಿತ್ತು. ಹೇಳಲಿಲ್ಲ.

ಮೇಸ್ತ್ರಿ ಹೋದ ಚಳಿಗಾಲದಲ್ಲಿ, ಹೊಸ ಹಡಗು ನೀರಿಗಿಳಿಯುವ ಮೊದಲು ತೀರಿಕೊಂಡರು. ಕೆಮ್ಮು, ಐದು ದಿನ, ಅಷ್ಟೆ. ಏಳನೇ ದಿನದ ಊಟ ಮುಗಿದು ಎಲ್ಲರೂ ಹೋದ ಮೇಲೆ ದೊಡ್ಡಮ್ಮ ನನ್ನ ಬಟ್ಟಲಿಗೆ ಇನ್ನೆರಡು ಮೀನುಂಡೆ ಹಾಕಿದರು.

"ಒಂದು ಮಾತು ಕೇಳ್ತೀನಿ ಕಣೋ. ಇಷ್ಟು ದಿನ ಅವರಿದ್ರು ಅಂತ ಕೇಳ್ಲಿಲ್ಲ. ಸೇತುವೆ ಮೇಲೆ ಅವತ್ತು ಮಾತಾಡಿದ್ದು ನೀನಾ?"

"ಅಲ್ಲ ದೊಡ್ಡಮ್ಮ."

"ನಂಗೊತ್ತಿತ್ತು." ಅವರು ಬಟ್ಟಲನ್ನು ನನ್ನ ಕಡೆ ಸರಿಸಿದರು. "ನಿನ್ನ ದನಿ ಅಷ್ಟು ಚೆನ್ನಾಗಿಲ್ಲ. ತಿನ್ನು, ಆರಿಹೋಗುತ್ತೆ."

ಆ ಮುದುಕಿಯ ಸಮಾಧಾನಕ್ಕೆ ನಾನು ಸುಳ್ಳು ಹೇಳಿದೆ ಎಂದು ಇಲ್ಲಿ ಬರೆಯಬೇಕು. ಎರಡು ದಿನದಿಂದ ಆ ಒಂದು ಸಾಲು ಬರೆಯಲು ಕೂತಿದ್ದೇನೆ, ಕುಂಚ ಒಪ್ಪುತ್ತಿಲ್ಲ.